ಇಕ್ಕೇರಿಯ ಕೆಸು, ಕಾಯಿಹಾಲು

ಇಕ್ಕೇರಿಗೆ ಬರುವ ಪ್ರವಾಸಿಕರು ಅಘೋರೇಶ್ವರನ ದರ್ಶನ ಮಾಡಿ, ನಂದಿಮಂಟಪವನ್ನೊಮ್ಮೆ ಸುತ್ತಿ, ಗಂಟೆಯೊಳಗೆ ಸಾಗರಕ್ಕೆ ಹಿಂದಿರುಗುವುದು ವಾಡಿಕೆ. ಕೆಳದಿಯ ಅರಸರು 1639ರ ಸುಮಾರಿಗೆ ರಾಜಧಾನಿಯನ್ನು ಬಿದನೂರಿಗೆ ಒಯ್ದ ಮೇಲೆ ಇಲ್ಲಿ ಉಳಿದುದು ದೇವಾಲಯವೊಂದೇ ಎಂದು ಅವರ ಭಾವನೆ. ಪಾಪ, ಇಲ್ಲಿಯ ಹಿತ್ತಿಲುಗಳನ್ನು ಅವರು ಕಂಡಿಲ್ಲ.

ಆಷಾಢದ ಜಡಿಮಳೆಯಲ್ಲಿ ಈ ಸೀಮೆಯ ಗೃಹಿಣಿ ತರಕಾರಿಗಾಗಿ ಪೇಟೆಯ ದಾರಿ ಕಾಯುವುದಿಲ್ಲ. ತೋಟದ ಬಸಿಗಾಲುವೆಯ ಅಂಚಿನಲ್ಲಿ ಕೆಸು, ಬಚ್ಚಲ ನೀರು ಹರಿಯುವೆಡೆ ಬಸಳೆ, ಗದ್ದೆಯ ಬದುವಿನಲ್ಲಿ ಒಂದೆಲಗ. ಶಿವಪ್ಪನಾಯಕನ ಪ್ರಸಿದ್ಧ ‘ಶಿಸ್ತು’ ಅಡಕೆ ತೋಟವನ್ನು ಅಳೆದು ಕಂದಾಯ ಕಟ್ಟಿತು. ಕಾಲುವೆಯಂಚಿನ ಕೆಸುವಿಗೆ ಯಾರ ಲೆಕ್ಕವೂ ಬೇಕಿಲ್ಲ.

ತೆಂಗು ಮಾತ್ರ ಘಟ್ಟದ ಕೆಳಗಿನಷ್ಟು ಧಾರಾಳವಲ್ಲ. ಇರುವ ಎಳೆಗಾಯಿಗೆ ಮಂಗಗಳೂ ಪಾಲುದಾರರು! ಆದುದರಿಂದಲೇ ನಿತ್ಯದ ತಂಬುಳಿಗೆ ಸೊಪ್ಪಿನೊಡನೆ ಹಿಡಿ ಕಾಯಿತುರಿ ಅರೆದು ಮಜ್ಜಿಗೆ ಬೆರೆಸುವುದು ಪದ್ಧತಿ. ಕಾಯಿಯನ್ನು ಹಿಂಡಿ ಹಾಲು ತೆಗೆಯುವುದು ಅತಿಥಿಗಳು ಬಂದಾಗ.

ನಾನು ಉಂಡ ಮನೆಯ ಹಿರಿಯಾಕೆಗೆ ಎಂಬತ್ತು ದಾಟಿದೆ. ಕೆಸುವಿನ ಎಲೆಯ ನಾರು ತೆಗೆದು ಹೆಚ್ಚಿ, ಒಣಗಿದ ವಾಟೆಹುಳಿ, ಹಸಿಮೆಣಸು ಹಾಕಿ ಎರಡನೆಯ ಸಲ ಹಿಂಡಿದ ನೀರುಹಾಲಿನಲ್ಲಿ ಬಹಳ ಹೊತ್ತು ಬೇಯಿಸಿದರು. ಎಲೆಯಲ್ಲಿರುವ ಸೂಜಿಯಂತಹ ಹರಳುಗಳೇ ಗಂಟಲ ತುರಿಕೆಗೆ ಕಾರಣ. ಹುಳಿಯೂ ದೀರ್ಘ ಕುದಿತವೂ ಅದನ್ನು ತಗ್ಗಿಸುತ್ತವೆ. ಮೊದಲ ಗಟ್ಟಿಹಾಲನ್ನು ಬೆರೆಸಿದ್ದು ಪಾತ್ರೆಯನ್ನು ಒಲೆಯಿಂದಿಳಿಸಿದ ಮೇಲೆ. “ಕುದಿದರೆ ಹಾಲು ಒಡೆಯುತ್ತದೆ, ತಮ್ಮಾ” ಎಂದರು. ಕೊನೆಗೆ ಬೆಳ್ಳುಳ್ಳಿಯ ಒಗ್ಗರಣೆ. ಕುಚ್ಚಲಕ್ಕಿಯ ಅನ್ನಕ್ಕೆ ಅದನ್ನು ಕಲಸಿಕೊಂಡಾಗ ದೇವಾಲಯದ ಶಿಲ್ಪ ಕ್ಷಣಕಾಲ ಮರೆತುಹೋಯಿತೆಂದರೆ ಕಲಾರಸಿಕರು ಮುನಿಯಬಾರದು.

ದೂರದ ಸಮೋವಾ ದ್ವೀಪಗಳಲ್ಲಿಯೂ ಕೆಸುವಿನೆಲೆಯಲ್ಲಿ ಕಾಯಿಹಾಲನ್ನು ಕಟ್ಟಿ ಬಿಸಿಗಲ್ಲುಗಳ ಮೇಲೆ ಬೇಯಿಸುವರು. ಫಿಲಿಪೀನ್ಸಿನ ಬಿಕೋಲ್ ಸೀಮೆಯವರು ಒಣಗಿಸಿದ ಎಲೆಯನ್ನೇ ಕಾಯಿಹಾಲಿನಲ್ಲಿ ಕುದಿಸುವರು. ಇದನ್ನು ಹೇಳಿದಾಗ ಆ ಹಿರಿಯಾಕೆ ಅಚ್ಚರಿಪಡಲಿಲ್ಲ. “ಅಲ್ಲಿಯೂ ನೀರಿರಬೇಕು” ಎಂದಷ್ಟೇ ನುಡಿದರು.

ಆ ಮಾತಿನ ಹಿಂದೆ ಒಂದು ಕಥೆಯಿತ್ತು. ಅವರ ತವರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನಾಡಿನ ಮನೆಗಳಿಗೆ ವಿದ್ಯುದ್ದೀಪ ಬಂದುದು ಇಂತಹ ಊರುಗಳು ಕತ್ತಲಾದುದರಿಂದ. ಅಣ್ಣಂದಿರು ಶಿವಮೊಗ್ಗೆಯ ಕಡೆ ನೆಲೆಯೂರಿದಾಗ ಪಾತ್ರೆಪಡಗಗಳೊಡನೆ ಕೆಸುವಿನ ಗೆಡ್ಡೆಗಳನ್ನೂ ಅಡಕೆಹಾಳೆಯಲ್ಲಿ ಸುತ್ತಿ ಒಯ್ದರಂತೆ. ಹೊಸ ಮನೆಯಲ್ಲಿ ಬಸಿಗಾಲುವೆಯೆಲ್ಲಿ? ಬಚ್ಚಲ ಮೋರಿಯ ಬದಿಗೆ ನೆಟ್ಟರು. ಮೊದಲ ಬೇಸಗೆಯಲ್ಲಿ ಎಲ್ಲವೂ ಬಾಡಿತು. ಅತ್ತಿಗೆ ಒಂದು ಗೆಡ್ಡೆಗೆ ಮಾತ್ರ ದಿನವೂ ಪಾತ್ರೆ ತೊಳೆದ ನೀರು ಹಾಕುತ್ತ ಬಂದರು. ಮರುವರ್ಷದ ಮಳೆಗೆ ಅದು ಮೂರು ಎಲೆ ಬಿಟ್ಟಿತು. ಸೊಪ್ಪು ಸಾಲದೆಂದು ಆಕೆ ಅದನ್ನು ಕೊಯ್ಯಲಿಲ್ಲವಂತೆ.