ಅರವತ್ತು ಪರ್ಸೆಂಟ್

ಅಮ್ಮನ ಬಯಾಪ್ಸಿ ರಿಪೋರ್ಟ್ ವಾಟ್ಸಾಪ್‌ಗೆ ಬಂದಾಗ ನಾನು ಆಫೀಸ್ ಮೀಟಿಂಗ್‌ನಲ್ಲಿದ್ದೆ. ಮೈಕ್ ಮ್ಯೂಟ್ ಮಾಡಿ ಪಿಡಿಎಫ್ ತೆರೆದೆ. ಸ್ತನ ಕ್ಯಾನ್ಸರ್ ಅಂತ ಮೊದಲೇ ಗೊತ್ತಿತ್ತು, ಟ್ರಿಪಲ್ ನೆಗೆಟಿವ್ ಅನ್ನೋದು ಹೊಸದು. ಕೊನೆಯಲ್ಲಿ ಇನ್ನೊಂದು ಸಾಲು: 'ಸ್ಟ್ರೋಮಲ್ ಟಿಐಎಲ್ 60%'.

ಅರವತ್ತು ಪರ್ಸೆಂಟ್ ಹರಡಿದೆ ಅಂದುಕೊಂಡೆ. ಎರಡು ರಾತ್ರಿ ನಿದ್ದೆ ಇಲ್ಲ. ಅಮ್ಮನಿಗೆ ಹೇಳಲೂ ಇಲ್ಲ. ಆಫೀಸಲ್ಲಿ ಯಾರು ಪರ್ಸೆಂಟ್ ಹೇಳಿದರೂ 'ಯಾವುದರಲ್ಲಿ?' ಅಂತ ಕೇಳುವವನು ನಾನು. ಇಲ್ಲಿ ಅದೇ ಮರೆತುಹೋಗಿತ್ತು.

ಡಾಕ್ಟರ್ ಸ್ಕ್ರೀನ್ ತಿರುಗಿಸಿ ತೋರಿಸಿದರು. ಗುಲಾಬಿ ಬಣ್ಣದ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಕಡುನೇರಳೆ ಚುಕ್ಕೆಗಳು. ಅವು ಕ್ಯಾನ್ಸರ್ ಅಲ್ಲ, ಗೆಡ್ಡೆಯೊಳಗೆ ನುಗ್ಗಿದ ರೋಗನಿರೋಧಕ ಕೋಶಗಳು. ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವೆ ಇರುವ ಅಂಗಾಂಶವೇ ಸ್ಟ್ರೋಮಾ. ಅದರ ಜಾಗದಲ್ಲಿ ಎಷ್ಟು ಭಾಗ ಇವು ತುಂಬಿಕೊಂಡಿವೆ ಅನ್ನೋದೇ ಆ 60. ಟ್ರಿಪಲ್ ನೆಗೆಟಿವ್‌ನಲ್ಲಿ ಇವು ಜಾಸ್ತಿ ಇದ್ದವರಿಗೆ ಸಾಮಾನ್ಯವಾಗಿ ಕೀಮೋ ಚೆನ್ನಾಗಿ ಹಿಡಿಯುತ್ತೆ, ಮುಂದಿನ ದಿನಗಳೂ ಉತ್ತಮ ಅಂದರು.

ಅಮ್ಮ ಸುಮ್ಮನಿರಲಿಲ್ಲ. "ಅಷ್ಟು ಜನ ಒಳಗೆ ಬಂದ್ರೂ ಓಡಿಸೋಕೆ ಆಗ್ಲಿಲ್ವಾ ಡಾಕ್ಟ್ರೇ?"

ನನಗೆ ಹೊಳೆಯದ ಪ್ರಶ್ನೆ.

"ಬಂದಿವೆ ಅಮ್ಮಾ, ಆದ್ರೆ ಕ್ಯಾನ್ಸರ್ ಅವಕ್ಕೆ ಬ್ರೇಕ್ ಹಾಕುತ್ತೆ" ಅಂದರು. ಪಿಡಿ-ಎಲ್1 ಅನ್ನೋ ಪ್ರೋಟೀನ್ ಅಂಥದ್ದೊಂದು ಬ್ರೇಕ್. ಇಂಥ ಬ್ರೇಕ್ ಬಿಡಿಸುವ ಚಿಕಿತ್ಸೆಗೆ ದಾರಿ ತೋರಿಸಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಇದು ಮಾತ್ರ ಆ ರಾತ್ರಿ ನಾನೇ ಓದಿದ್ದು.

ಓದುತ್ತಾ ಹೋದರೆ, ಪ್ಯಾರಿಸ್‌ನ ಜೆರೋಮ್ ಗ್ಯಾಲನ್ ತಂಡ 2006ರಲ್ಲೇ ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಇದನ್ನು ಎಣಿಸಿತ್ತು. ಯಾವ ಜಾತಿಯ ಕೋಶ, ಎಷ್ಟು, ಗೆಡ್ಡೆಯ ನಡುವೆಯೋ ಅಂಚಿನಲ್ಲೋ? ರೋಗಿ ಎಷ್ಟು ದಿನ ಚೆನ್ನಾಗಿರುತ್ತಾರೆ ಅನ್ನೋದನ್ನು ಈ ಲೆಕ್ಕ, ನಾವೆಲ್ಲ ಕೇಳುವ 'ಸ್ಟೇಜ್'ಗಿಂತ ಚೆನ್ನಾಗಿ ಹೇಳಿತಂತೆ. ಹಾಗಂತ ಎಲ್ಲ ಕಡೆ ಇದೇ ಲೆಕ್ಕ ನಡೆಯಲ್ಲ. ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್‌ನಲ್ಲಿ ಈ ನಂಬರ್ ಇಷ್ಟು ಧೈರ್ಯ ಕೊಡಲ್ಲ. ಮತ್ತೆ, ಗುಂಪಿನ ಸರಾಸರಿ ಬೇರೆ, ನನ್ನಮ್ಮ ಬೇರೆ. ಇದು ಗೊತ್ತಿದ್ದೂ ಆ ರಾತ್ರಿ ನಿದ್ದೆ ಬಂತು.

ಆಸ್ಪತ್ರೆಯಿಂದ ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಕೇಳಿದ್ದಳು, "ಅರವತ್ತು ಅಂದ್ರೆ ಫಸ್ಟ್ ಕ್ಲಾಸ್ ಅಲ್ವೇನೋ?"

ಹೌದಮ್ಮ ಅಂದೆ. ಸೋಮವಾರ ಮೊದಲನೇ ಕೀಮೋ. ಲೀವ್ ಹಾಕಿದೀನಿ.