ದಾರಿ ಕೇಳಿ ಬೆಟ್ಟ ಹತ್ತೋಣ

ಸಹೋದರಿಯರೇ, ನೀವು ಎಂದಾದರೂ ಧಾರವಾಡಕ್ಕೆ ರೈಲಿನಲ್ಲಿ ಬಂದಿದ್ದರೆ ನಮ್ಮ ಮಾಳಮಡ್ಡಿಯನ್ನು ನೋಡಿಯೇ ಇರುತ್ತೀರಿ. ನಿಲ್ದಾಣಕ್ಕೆ ಅಂಟಿಕೊಂಡಂತೆ ಇರುವ ಬಡಾವಣೆ ನಮ್ಮದು. ಹಳೆಯ ಹಂಚಿನ ಮನೆಗಳು, ದೊಡ್ಡ ಮರಗಳು, ಮಳೆ ಬಿದ್ದರೆ ಕಾಲಿಗೆ ಅಂಟುವ ಕೆಂಪು ಮಣ್ಣು. ರಾತ್ರಿ ಹಾಸಿಗೆಯಲ್ಲಿ ಮಲಗಿದರೆ ರೈಲಿನ ಸದ್ದು ಕಿವಿಗೆ ಬೀಳುತ್ತದೆ.

ಜೂನ್ ಮುಗಿದು ಮಳೆ ಹಿಡಿಯಿತೆಂದರೆ ಈ ನಿಲ್ದಾಣದಲ್ಲಿ ಶನಿವಾರ ರಾತ್ರಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರ ಗುಂಪುಗಳು ಕಾಣುತ್ತಿದ್ದವು. "ಎಲ್ಲಿಗೆ?" ಎಂದು ಕೇಳಿದರೆ ಒಂದೇ ಉತ್ತರ, "ದೂಧಸಾಗರ."

ಇಲ್ಲಿಂದ ಹೊರಟ ರೈಲು ಅಳ್ನಾವರ, ಲೋಂಡಾ ದಾಟಿ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ತಲುಪುತ್ತದೆ. ಒಂದು ಕಾಲದಲ್ಲಿ ಬ್ರಿಟಿಷರ ಆಡಳಿತ ಅಲ್ಲಿಗೆ ಮುಗಿದು ಪೋರ್ಚುಗೀಸರ ಗೋವಾ ಆರಂಭವಾಗುತ್ತಿತ್ತು. ಅಲ್ಲಿಂದ ಗೋವಾದ ಕುಳೇಂವರೆಗೆ ಸುಮಾರು 26 ಕಿಲೋಮೀಟರ್ ಘಟ್ಟದ ಇಳಿಜಾರು. 37 ಅಡಿ ಸಾಗಿದರೆ ಒಂದು ಅಡಿ ಏರು. ಹೆಚ್ಚುವರಿ ಎಂಜಿನ್ ಜೋಡಿಸದೆ ಭಾರದ ಗಾಡಿಗಳು ಆ ಘಟ್ಟ ಹತ್ತಲಾರವು. ಆ ದಾರಿಯ ಮಧ್ಯೆ ಸುಮಾರು 310 ಮೀಟರ್ ಎತ್ತರದಿಂದ ಧುಮುಕುವ ದೂಧಸಾಗರ ಜಲಪಾತ. ನಮ್ಮ ಮಹದಾಯಿ ನದಿಯದೇ ನೀರು. ಜಲಪಾತದ ಎದುರಿನ ಸೇತುವೆಯ ಮೇಲೆಯೇ ರೈಲು ಹಾದುಹೋಗುತ್ತದೆ. 2013ರಲ್ಲಿ 'ಚೆನ್ನೈ ಎಕ್ಸ್‌ಪ್ರೆಸ್' ಸಿನಿಮಾದಲ್ಲಿ ಈ ನೋಟ ಬಂದ ಮೇಲಂತೂ ಹಳಿಗುಂಟ ನಡೆದುಹೋಗಿ ಜಲಪಾತ ನೋಡುವವರ ಸಂಖ್ಯೆ ಏರುತ್ತಲೇ ಹೋಯಿತು.

ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಸುರಂಗಗಳಿವೆ, ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಕಮರಿ. ಗಾಡಿ ಬಂದರೆ ಸರಿದು ನಿಲ್ಲಲು ಎಷ್ಟೋ ಕಡೆ ಜಾಗವೇ ಇಲ್ಲ. 2021ರ ಜುಲೈಯಲ್ಲಿ ಇದೇ ಘಟ್ಟದಲ್ಲಿ ಗುಡ್ಡ ಕುಸಿದು ಪ್ರಯಾಣಿಕರ ರೈಲೇ ಹಳಿ ತಪ್ಪಿತ್ತು. ರೈಲಿಗೇ ಹೀಗಾದರೆ ಕಾಲ್ನಡಿಗೆಯವರ ಪಾಡೇನು?

2023ರ ಜುಲೈಯಲ್ಲಿ ಒಂದು ಭಾನುವಾರ ನೂರಾರು ಯುವಕರು ಅಲ್ಲಿಗೆ ಹೋದಾಗ ಪೊಲೀಸರು ತಡೆದರು, ಕೆಲವರಿಗೆ ಹಳಿಯ ಪಕ್ಕದಲ್ಲೇ ಬಸ್ಕಿ ಹೊಡೆಸಿದರು. ಆ ವೀಡಿಯೊ ಎಲ್ಲರ ಮೊಬೈಲಿಗೂ ಬಂತು. ಜಲಪಾತವನ್ನು ಬೋಗಿಯೊಳಗಿಂದಲೇ ನೋಡಿ ಎಂದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ಮನವಿ ಮಾಡಿತು.

ನನ್ನ ಮಗ ಮುಂದಿನ ಭಾನುವಾರ ಅಲ್ಲಿಗೇ ಹೊರಡುವವನಿದ್ದ! "ಅಮ್ಮೀ, ಎಲ್ಲಾರೂ ಹೋಗ್ತಾರ. ನಾವ್ ಹೋದ್ರ ಏನಾಕ್ಕತಿ?" ಎಂದ. ನಾನು ಬೇಡವೇ ಬೇಡ ಎಂದೆ. ಆಮೇಲೆ ಮನಸ್ಸು ತಡೆಯದೆ ಎಲ್ಲರನ್ನೂ ಕರೆದುಕೊಂಡು ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದೆ. ಮಂಜು ಸರಿದು ಜಲಪಾತ ಕಂಡಾಗ ಬೋಗಿಯಲ್ಲಿದ್ದವರೆಲ್ಲ "ಸುಬ್‌ಹಾನಲ್ಲಾಹ್", "ಅಬ್ಬಬ್ಬಾ" ಎಂದು ಕಿಟಕಿಗೆ ಮುಗಿಬಿದ್ದರು. ಎರಡೇ ನಿಮಿಷ. ಗಾಡಿ ಸುರಂಗದೊಳಗೆ ನುಗ್ಗಿತು. ಮಗ ನನ್ನ ಮುಖ ನೋಡಿ, "ಇಷ್ಟೇನಾ? ದೊಡ್ಡವರಿಗೆ ಬ್ಯಾಡ ಅನ್ನೂದಷ್ಟ ಗೊತ್ತು" ಎಂದ.

ಆ ಮಾತು ನನಗೆ ನಾಟಿತು. ಹಳಿಯ ವಿಷಯದಲ್ಲಿ ಬೇಡ ಎಂದದ್ದು ಸರಿಯೇ. ಆದರೆ ಬೆಟ್ಟ ನೋಡಬೇಕೆಂಬ ಆಸೆ ತಪ್ಪಲ್ಲವಲ್ಲ! ಅದಕ್ಕೆ ಸರಿಯಾದ ದಾರಿ ಯಾವುದು ಎಂದು ನಾವು ತೋರಿಸಿಕೊಟ್ಟಿದ್ದೇವೆಯೇ?

ಮರುವರ್ಷ ಅವನೂ ಓಣಿಯ ಗೆಳೆಯರೂ ಮಲೆನಾಡಿನ ಬೆಟ್ಟವೊಂದಕ್ಕೆಂದು ಯಾರೋ ಒಬ್ಬ ಆಯೋಜಕನಿಗೆ ಹಣ ಕಟ್ಟಿದರು. "ಪರ್ಮಿಶನ್ ನಮ್ಮ ಜವಾಬ್ದಾರಿ" ಎಂದಿದ್ದನಂತೆ. ಗೇಟಿಗೆ ಹೋದರೆ ಇವರ ಹೆಸರಿನಲ್ಲಿ ಯಾವ ಅನುಮತಿಯೂ ಇರಲಿಲ್ಲ. ರಾತ್ರಿಯಿಡೀ ಪ್ರಯಾಣ ಮಾಡಿದ ಮಕ್ಕಳು ಮಳೆಯಲ್ಲಿ ನೆನೆದು ಹಿಂದಿರುಗಿದರು. ಹಣ ಇಂದಿಗೂ ಬಂದಿಲ್ಲ.

ಆ ವರ್ಷವೇ ನಿಯಮ ಬಿಗಿಯಾಗಿತ್ತು. ಕಾರಣ ನಿಮಗೂ ನೆನಪಿರಬಹುದು. 2024ರ ಗಣರಾಜ್ಯೋತ್ಸವಕ್ಕೆ ಮೂರು ದಿನ ಒಟ್ಟಿಗೆ ರಜೆ ಬಂದಾಗ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದರು. ಸಂತೆಯಲ್ಲಿ ನಿಂತಂತೆ ಕಾಡಿನಲ್ಲಿ ಸಾಲುಗಟ್ಟಿ ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅದಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. 2024ರ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಸರಕಾರಿ ಜಾಲತಾಣ ಆರಂಭವಾಯಿತು. ಒಂದು ದಾರಿಯಲ್ಲಿ ದಿನಕ್ಕೆ 300 ಮಂದಿಗಿಂತ ಹೆಚ್ಚು ಬಿಡುವುದಿಲ್ಲ, ಗುರುತಿನ ಚೀಟಿ ಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ ಎಂದು ನಿಯಮವಾಯಿತು.

ಈಗ ನಮ್ಮ ಅಣ್ಣನ ಮಗಳ ವಿಷಯಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ಓದುವ ಹುಡುಗಿ. ಬೆಟ್ಟ ಹತ್ತಬೇಕೆಂದು ಅವಳಿಗೂ ಆಸೆ. ಹುಡುಗರು ಹೇಳದೆ ಕೇಳದೆ ಹೋಗಿಬಿಡುತ್ತಾರೆ, ಬೈಸಿಕೊಂಡು ಮತ್ತೆ ಹೋಗುತ್ತಾರೆ. ಹುಡುಗಿಯರಿಗೆ ಹಾಗಾಗುವುದಿಲ್ಲ. "ಅಲ್ಲೆ ಯಾರಿರ್ತಾರೋ ಏನೋ, ಕತ್ತಲಾದ್ರ ಏನು ಮಾಡೂದು?" ಎಂದು ಅಣ್ಣ ಮಾತು ಮುಗಿಸಿದ. ಅವಳು ನನ್ನ ಬಳಿ ಬಂದು, "ಫೂಫಿ, ಅಬ್ಬಾಗ ನೀವರ ಹೇಳ್ರಿ" ಎಂದಳು.

ನಾನು ಅಣ್ಣನೊಂದಿಗೆ ವಾದ ಮಾಡಲಿಲ್ಲ. ಅರಣ್ಯ ಇಲಾಖೆಯ ನಿಯಮಗಳನ್ನು ಕಾಗದಕ್ಕೆ ಇಳಿಸಿ ಅವನ ಮುಂದಿಟ್ಟೆ. ಎಷ್ಟು ಜನ, ಯಾವ ದಾರಿ, ಜೊತೆಗೆ ಯಾವ ಮಾರ್ಗದರ್ಶಿ, ಸಂಜೆಯೊಳಗೆ ಇಳಿಯಬೇಕು ಎಂಬುದೆಲ್ಲ ಅದರಲ್ಲಿತ್ತು. ಅವನ ಒಂದೊಂದು ಪ್ರಶ್ನೆಗೂ ಅಲ್ಲಿ ಉತ್ತರವಿತ್ತು. ಎರಡು ಸಲ ಓದಿ ಕನ್ನಡಕ ತೆಗೆದಿಟ್ಟು ಹೇಳಿದ, "ನೀನು ಜೊತಿಗೆ ಹೋಗೂದಾದ್ರ ಹೋಗ್ಲಿ."

ಹೀಗೆ ಕಳೆದ ಚಳಿಗಾಲದಲ್ಲಿ ಅವಳು, ಅವಳ ಮೂವರು ಗೆಳತಿಯರು, ಅವರಲ್ಲೊಬ್ಬಳ ತಾಯಿ ಮತ್ತು ಮೊಣಕಾಲು ನೋವಿನ ನಾನು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕುರಿಂಜಾಲು ಬೆಟ್ಟಕ್ಕೆ ಹೊರಟೆವು. ಮೊದಲ ಸಲದವರಿಗೆ ಅದೇ ಸುಲಭವೆಂದು ಆರಿಸಿಕೊಂಡಿದ್ದೆವು. ರೊಟ್ಟಿ, ಶೇಂಗಾ ಚಟ್ನಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡೆವು, ನೀರಿಗೆ ಸ್ಟೀಲ್ ಬಾಟಲಿ. ಗೇಟಿನಲ್ಲಿ ಹೆಸರು ಓದಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಹುಡುಗಿಯರು ಮುಂದೆ, ನಾನು ಕೊನೆಗೆ. ಶೋಲಾ ಕಾಡಿನ ನೆರಳು ಮುಗಿದು ಹುಲ್ಲುಗಾವಲು ತೆರೆದುಕೊಂಡಾಗ ಗಾಳಿಗೆ ನಮ್ಮ ದುಪಟ್ಟಾಗಳು ನಿಲ್ಲಲೇ ಇಲ್ಲ. ಎಲ್ಲರೂ ಮಕ್ಕಳ ಹಾಗೆ ನಕ್ಕೆವು.

ಮಾರ್ಗದರ್ಶಿ ಅಲ್ಲಿಯವನೇ ಆದ ಹುಡುಗ. ದಾರಿಯಲ್ಲಿ ಅವನು ಹೇಳಿದ, "ನಮ್ಮ ಅಜ್ಜಿ ದನ ಹೊಡ್ಕೊಂಡು ದಿನಾ ಈ ಕಡೆ ಬರ್ತಿದ್ರು ಮೇಡಂ. ಅವರಿಗೆ ಯಾರೂ ಚೀಟಿ ಕೇಳ್ತಿರ್ಲಿಲ್ಲ." ನಾನು ಸುಮ್ಮನಾದೆ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದಾಗ ಒಳಗೆ ಊರುಗಳಿದ್ದವು. ಊರು ಬಿಡಬೇಕೋ ಬೇಡವೋ ಎಂಬ ಜಗಳ ಆ ಜನರನ್ನು ಬಹಳ ಕಾಲ ಕಾಡಿತು. ಅದೇ ಸೀಮೆಯಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನೇ ಅಗೆದರು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಅದು ನಿಂತಿತು. ಗಣಿಯವರು ಕಟ್ಟಿದ ಊರು ಈಗ ಹೆಚ್ಚುಕಡಿಮೆ ಖಾಲಿ. ಗಣಿಗೆ ಸಿಕ್ಕ ದಾರಿ ಅಜ್ಜಿಯ ದನಗಳಿಗೆ ಸಿಗದೆ ಹೋದರೆ ಅದು ನ್ಯಾಯವೇ? ಕಾಡಿನ ಜನರಿಗೆ ಹಕ್ಕು ಕೊಡುವ ಕಾಯ್ದೆ 2006ರಲ್ಲಿಯೇ ಬಂದಿದೆ. ನಮ್ಮಂಥ ಒಂದು ದಿನದ ಅತಿಥಿಗಳಿಗೆ ಚೀಟಿ ಇರಲಿ, ಅಲ್ಲಿಯೇ ಹುಟ್ಟಿದವರನ್ನು ನಮ್ಮ ಸಾಲಿನಲ್ಲಿ ನಿಲ್ಲಿಸಬಾರದು ಎಂದು ನನಗನಿಸಿತು.

ಮದ್ರಸದಲ್ಲಿ ಓದುವಾಗ ದಾರಿಗೂ ಒಂದು ಹಕ್ಕಿದೆ ಎಂದು ಉಸ್ತಾದರು ಹೇಳಿಕೊಟ್ಟಿದ್ದರು. ದಾರಿಯಲ್ಲಿ ಕೂತವನು ಹಾದುಹೋಗುವವರಿಗೆ ತೊಂದರೆ ಕೊಡಬಾರದು ಎಂಬ ಪಾಠ ಅದು. ಬೆಟ್ಟದ ದಾರಿಗೂ ಅದು ಸಲ್ಲುತ್ತದೆ. ಅಲ್ಲಿ ಹಾದುಹೋಗುವವರಲ್ಲಿ ಕಡವೆ, ಕಾಟಿಗಳೂ ಇವೆ, ದನ ಕಾಯುವ ಅಜ್ಜಿಯೂ ಇದ್ದಾಳೆ.

ನಿಮ್ಮ ಮನೆಯ ಮಕ್ಕಳೂ ಬೆಟ್ಟಕ್ಕೆ ಹೋಗುತ್ತೇವೆ ಎಂದರೆ ಕೂಡಲೇ ಬೇಡ ಎನ್ನಬೇಡಿ. ಆ ದಾರಿ ಈಗ ತೆರೆದಿದೆಯೇ ವಿಚಾರಿಸಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಅಪಾಯಕ್ಕೆ ದಾರಿಗಳನ್ನು ಮುಚ್ಚುವುದುಂಟು. ಬುಕಿಂಗನ್ನು ಸರಕಾರಿ ಜಾಲತಾಣದಲ್ಲಿಯೇ ಮಾಡಿ. ಬೇರೆಯವರ ಮೂಲಕ ಹೋಗುವುದಾದರೆ ನಿಮ್ಮ ಮಕ್ಕಳ ಹೆಸರಿರುವ ಚೀಟಿಯನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಿ. ರೈಲು ಹಳಿಯ ದಾರಿಗೆ ಮಾತ್ರ ಯಾರೂ ಅನುಮತಿ ಕೊಡಿಸಲಾರರು, ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಮಾಳಮಡ್ಡಿಗೆ ಮರಳಿದಾಗ ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಮಗಳ ಕೆಸರಾದ ಬೂಟು ನೋಡಿ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ, "ಮುಂದಿನ ಸಲ ಎಲ್ಲಿಗೆ? ನನ್ನ ಹೆಸರೂ ಬರೀರಿ."