ರೇಡಿಯೇಟರ್ ಕ್ಯಾಪಿನ ಮೇಲಿನ ಅಂಕಿ

ಪುಣೆಯಿಂದ ಧಾರವಾಡಕ್ಕೆ ಕಾರಿನಲ್ಲಿ ಹೋಗಿಬರುವವರಿಗೆ ಖಂಬಾಟಕಿ ಘಾಟು ಗೊತ್ತಿರುತ್ತದೆ. ಪುಣೆಗೆ ವಾಪಸು ಬರುವಾಗ ಸುರಂಗದಲ್ಲಿ ನುಸುಳಿ ಬರುತ್ತಿದ್ದೆವು. ಊರಿಗೆ ಹೋಗುವಾಗ ಮಾತ್ರ ಘಾಟು ಹತ್ತಲೇಬೇಕಿತ್ತು. ನನ್ನ 2007ರ ಡೀಸೆಲ್ ಕಾರಿಗೆ ಆ ಏರಿನಲ್ಲೇ ಏದುಸಿರು ಬರುತ್ತಿತ್ತು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮುಂದೆ ತೆವಳುವ ಟ್ರಕ್ಕು. ಮೇಲೆ ತಲುಪಿ ಬಾನೆಟ್ ಎತ್ತಿದರೆ ಕೂಲಂಟ್ ಬಾಟಲಿ ತುಂಬಿ ಹೊರಚೆಲ್ಲಿರುತ್ತಿತ್ತು.

ಮೆಕ್ಯಾನಿಕ್ ಕ್ಯಾಪ್ ತೆಗೆದು ತೋರಿಸಿದ. ಒಳಗಿನ ರಬ್ಬರು ಒಣಗಿ ಕಲ್ಲಾಗಿತ್ತು, ಮೇಲಿನ ಅಂಕಿ ಅಳಿಸಿಹೋಗಿತ್ತು. ಬಿಡಿಭಾಗದ ಅಂಗಡಿಯಲ್ಲಿ ಎರಡು ಕ್ಯಾಪು ನನ್ನ ಮುಂದಿಟ್ಟರು. ಒಂದರ ಮೇಲೆ 0.9, ಇನ್ನೊಂದರ ಮೇಲೆ 1.1. ಎರಡೂ ಕೂರುತ್ತವೆ, ಘಾಟಿಗೆ ದೊಡ್ಡದೇ ಒಳ್ಳೆಯದು ಎಂದರು. ನನಗೂ ಹಾಗೇ ಅನ್ನಿಸಿತು. ಕಾರಿನ ಕೈಪಿಡಿ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ತೆರೆದು ನೋಡಲಿಲ್ಲ.

ಮುಂದಿನ ಸಲ ಊರಿಗೆ ಹೊರಟಾಗ ಅಪ್ಪ ಪಕ್ಕದಲ್ಲಿದ್ದರು. ಘಾಟಿನ ಅರ್ಧದಲ್ಲಿ ಟಪ್ಪೆಂದು ಸದ್ದಾಯಿತು, ಗಾಜಿನ ತುಂಬ ಹಬೆ. ಗಾಡಿ ಬದಿಗೆ ಹಾಕಿ, ಬಾನೆಟ್ ಎತ್ತಿ, ಕೈಗೆ ಬಟ್ಟೆ ಸುತ್ತಿಕೊಂಡು ಕ್ಯಾಪಿಗೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು.

“ಕೈ ಹಚ್ಚಬ್ಯಾಡ ತಮ್ಮಾ!”

ಅವರ ಬಲಗೈ ಮೇಲೊಂದು ಅಗಲವಾದ ಸುಟ್ಟ ಕಲೆ ಇದೆ. ಚಿಕ್ಕಂದಿನಲ್ಲಿ ಕೇಳಿದಾಗ ಒಲೆಯದು ಅಂದಿದ್ದರು. ಅವತ್ತು ರಸ್ತೆ ಬದಿಯ ಕಟ್ಟೆ ಮೇಲೆ ಕೂತು ಹೇಳಿದರು: “ಇದು ಒಲೀದಲ್ಲ. ಮೆಟಡೋರ್ ಓಡಸ್ತಿದ್ನಲ್ಲ, ಅದರ ಕ್ಯಾಪ್ ತಗದಾಗ ಆದದ್ದು. ಮಂದಿ ಕುಂತಿದ್ರು, ಅವಸರ ಮಾಡಾಕತ್ತಿದ್ರು. ನಾನೂ ಅವಸರ ಮಾಡಿದೆ. ನಿಮಗ ಹೇಳಿದ್ರ ನಾ ಗಾಡಿ ತಗೊಂಡು ಹೋದಾಗೆಲ್ಲ ಅಂಜತೀರಿ ಅಂತ ಒಲಿ ಅಂದೆ.”

ಮುಕ್ಕಾಲು ತಾಸು ಕಾದೆವು. ಮೇಲಿನ ಹೋಸ್ ಪೈಪು ಕ್ಲ್ಯಾಂಪಿನ ಬಳಿ ಸೀಳಿತ್ತು. ದಾರಿಹೋಕ ಮೆಕ್ಯಾನಿಕ್ ಒಬ್ಬ ಸೀಳಿದ ತುದಿ ಕತ್ತರಿಸಿ, ಮತ್ತೆ ಬಿಗಿದು, ನೀರು ತುಂಬಿಸಿಕೊಟ್ಟ. ಇಂಜಿನ್ ಉಳಿಯಿತು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಆ ಕಾರನ್ನು ಗುಜರಿಗೆ ಹಾಕುವುದೇ ಅಗ್ಗವಾಗುತ್ತಿತ್ತು.

ಊರಿಗೆ ಹೋಗಿ ಕೈಪಿಡಿ ತೆರೆದೆ. 0.9 ಎಂದೇ ಇತ್ತು. ಆಮೇಲೆ ಲೆಕ್ಕ ಹಾಕಿದೆ. ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ ಒತ್ತಡ ಕೊಟ್ಟರೆ ಸುಮಾರು 119ಕ್ಕೆ, 1.1 ಕೊಟ್ಟರೆ ಸುಮಾರು 122ಕ್ಕೆ. ನನಗೆ ಸಿಕ್ಕ ಲಾಭ ಮೂರು ಡಿಗ್ರಿ. ಅದಕ್ಕೆ ಹಳೆಯ ಪೈಪು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು, ಹೀಟರಿನ ಬೆಸುಗೆ, ಎಲ್ಲದರ ಮೇಲೂ ಐದನೇ ಒಂದು ಪಾಲಿಗಿಂತ ಹೆಚ್ಚಿನ ಒತ್ತಡ ಹೇರಿದ್ದೆ. ಬೇಗ ಬೇಯಲಿ ಎಂದು ಕುಕ್ಕರಿನ ಸೀಟಿಯ ಮೇಲೆ ಯಾರೂ ಕಲ್ಲು ಇಡುವುದಿಲ್ಲ. ನಾನು ಇಟ್ಟಿದ್ದೆ.

ಕ್ಯಾಪಿನಲ್ಲಿ ಎರಡು ವಾಲ್ವು ಇರುತ್ತವೆ. ಒಂದು, ಒತ್ತಡ ಮಿತಿ ಮೀರಿದಾಗ ಕೂಲಂಟನ್ನು ಬಾಟಲಿಗೆ ಬಿಡುತ್ತದೆ. ನಡುವಿನ ಚಿಕ್ಕದು, ಇಂಜಿನ್ ತಣ್ಣಗಾದಾಗ ಅದನ್ನು ವಾಪಸು ಎಳೆದುಕೊಳ್ಳುತ್ತದೆ. ಚಿಕ್ಕದು ಕಟ್ಟಿಕೊಂಡರೆ ಬೆಳಿಗ್ಗೆ ಮೇಲಿನ ಪೈಪು ಚಪ್ಪಟೆಯಾಗಿ ಒಳಕ್ಕೆ ಸೇದಿಕೊಂಡಿರುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಪೈಪು ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು. ಕ್ಯಾಪು ಬದಲಿಸಿ ಪ್ರಯೋಜನವಿಲ್ಲ. ಅಂಕಿ ಒಂದೇ ಇದ್ದರೂ ಸಾಲದು. ಕತ್ತಿನ ಆಳಕ್ಕೆ ಸ್ಪ್ರಿಂಗಿನ ಉದ್ದ ಹೊಂದಬೇಕು, ಇಲ್ಲದಿದ್ದರೆ ಮೇಲೆ ಬಿಗಿಯಾಗಿ ಕೂತರೂ ಒಳಗೆ ಒತ್ತಡ ಹಿಡಿಯುವುದಿಲ್ಲ. ಹಳೆಯ ಕ್ಯಾಪನ್ನು ಅಂಗಡಿಗೆ ಒಯ್ದು ಪಕ್ಕಪಕ್ಕ ಹಿಡಿದು ನೋಡಬೇಕು. ಇದೆಲ್ಲ ನಾನು ಇನ್ನೂರು ರೂಪಾಯಿಯೊಳಗಿನ ವಸ್ತುವಿನಿಂದ ಕಲಿತದ್ದು.

ಅಪ್ಪನಿಗೆ ಇವನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಬಿಡೂದs ಅದರ ಕೆಲಸ. ಹಿಡದ್ರ ಬ್ಯಾರೆ ಎಲ್ಯರ ಒಡೀತೈತಿ” ಅಂದರು. ಕಲೆಯ ವಿಷಯ ಇಷ್ಟು ವರ್ಷ ಹಿಡಿದಿಟ್ಟುಕೊಂಡವರೂ ಅವರೇ. ನಾನು ಏನೂ ಅನ್ನಲಿಲ್ಲ.

0.9 ಹಾಕಿಸಿದೆ. ಪೈಪುಗಳನ್ನೂ ಬದಲಿಸಿ, ಬರೀ ನೀರಿನ ಬದಲು ಸರಿಯಾದ ಕೂಲಂಟ್ ತುಂಬಿಸಿದೆ. ಈಗ ಅಪ್ಪನಿಗೆ ಮಂಡಿ ನೋವು, ಇಷ್ಟು ದೂರ ಕೂತು ಬರಲಾರರು. ಊರಿಗೆ ಹೋಗುವಾಗ ಘಾಟಿನ ಮೇಲೆ ಗಾಡಿ ನಿಲ್ಲಿಸಿ ಫೋನ್ ಮಾಡುತ್ತೇನೆ. ಹೇಗಿದ್ದೀ ಎಂದು ಮೊದಲು ಕೇಳುವುದಿಲ್ಲ.

“ಬಾಟಲಿ ನೋಡಿದೇನು?”

“ನೋಡ್ದೆ ಅಪ್ಪಾ. ಗೆರೀಗೇ ಐತಿ.”

“ಹಂಗಾರ ಬಾ. ಸಾವಕಾಶ ಬಾ.”